ರಿಚ್ಮಂಡಿನ ಪಡಿತರ ಪುಸ್ತಕ

ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಗಲದ ಒಂದು ಪುಸ್ತಕವಿತ್ತು. ಕಾಗದ ಹಳದಿಗಟ್ಟಿತ್ತು, ಅಂಚು ಸವೆದಿತ್ತು. ಒಳಗಿನ ಚೀಟಿಗಳಲ್ಲಿ ಅರ್ಧದಷ್ಟನ್ನು ಯಾರೋ ಹರಿದು ಬಳಸಿದ್ದರು. ಹೆಸರು, ವಿಳಾಸ, ವಯಸ್ಸು, ಎತ್ತರ, ತೂಕ, ಉದ್ಯೋಗ ಎಂದು ಅಚ್ಚಾಗಿದ್ದ ಜಾಗಗಳಲ್ಲಿ ಶಾಯಿಯ ಬರಹ. ಅದರ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆನೋ, ಇಡೀ ವಸ್ತುಸಂಗ್ರಹಾಲಯವನ್ನು ಒಂದು ಸುತ್ತು ಹಾಕಿ ಬಂದ ಮಗಳು, "ಅಪ್ಪ, ನೀವು ಇನ್ನೂ ಇಲ್ಲೇ ಇದ್ದೀರಾ?" ಎಂದಳು.

"ಇದು ರೇಷನ್ ಕಾರ್ಡು ಕಣಮ್ಮ. ಅಮೆರಿಕದ ರೇಷನ್ ಕಾರ್ಡು" ಎಂದೆ.

ತಿಪಟೂರಿನ ಕಡೆಯ ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಹಾರ ಇಲಾಖೆಯಲ್ಲಿ ದುಡಿದವನು. ಗುಮಾಸ್ತನಾಗಿ ಸೇರಿ ಆಹಾರ ನಿರೀಕ್ಷಕನಾಗಿ ನಿವೃತ್ತನಾದೆ. ಸೀಮೆಎಣ್ಣೆಯ ಕ್ಯೂ, ಸಕ್ಕರೆಯ ತೂಕ, ನ್ಯಾಯಬೆಲೆ ಅಂಗಡಿಯ ದಾಸ್ತಾನು ಪುಸ್ತಕ, ಇವುಗಳ ನಡುವೆಯೇ ನನ್ನ ತಲೆ ನರೆಯಿತು. ಪಡಿತರವೆಂದರೆ ಬಡ ದೇಶದ ಏರ್ಪಾಡು ಎಂದು ಬಹಳ ಮಂದಿ ನನ್ನೆದುರೇ ಹೇಳಿದ್ದರು. ಆದ್ದರಿಂದಲೇ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ಮಗಳ ಮನೆಗೆ ಬಂದಾಗ, ಗೋಲ್ಡನ್ ಗೇಟ್ ಸೇತುವೆಗಿಂತ ಮೊದಲು, ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಜನಜೀವನವನ್ನು ತೋರಿಸುವ ವಸ್ತುಸಂಗ್ರಹಾಲಯವಿರುವ ರಿಚ್ಮಂಡಿಗೆ ಕರೆದುಕೊಂಡು ಹೋಗು ಎಂದು ಕೇಳಿದೆ.

ಫ್ರೀಮಾಂಟಿನಲ್ಲಿ ಕಿತ್ತಳೆ ಬಣ್ಣದ ಮಾರ್ಗದ ಬಾರ್ಟ್ ರೈಲು ಹತ್ತಿದರೆ ಓಕ್‌ಲ್ಯಾಂಡ್, ಬರ್ಕ್ಲಿ ದಾಟಿ ಕೊನೆಯ ನಿಲ್ದಾಣವೇ ರಿಚ್ಮಂಡ್. ಅಲ್ಲಿಂದ ಟ್ಯಾಕ್ಸಿಯಲ್ಲಿ ಕೊಲ್ಲಿಯ ದಂಡೆಗೆ ಹೋಗಬೇಕು. ನೀರಿಗೆ ತಾಗಿದಂತೆ ಫೋರ್ಡ್ ಕಂಪನಿಯ ಹಳೆಯ ಕಾರ್ಖಾನೆ ಉದ್ದಕ್ಕೂ ಮಲಗಿದೆ. ಆಲ್ಬರ್ಟ್ ಕಾನ್ ವಿನ್ಯಾಸಗೊಳಿಸಿದ, ಗೋಡೆಗಿಂತ ಗಾಜೇ ಹೆಚ್ಚಿರುವ ಕಟ್ಟಡ. 1942ರ ಫೆಬ್ರವರಿಯಲ್ಲಿ ಇಡೀ ದೇಶದಲ್ಲಿ ಜನಸಾಮಾನ್ಯರ ಕಾರುಗಳ ತಯಾರಿಕೆ ನಿಂತುಹೋಯಿತು. ಆಮೇಲೆ ಇಲ್ಲಿಂದ ಹೊರಬಿದ್ದದ್ದು ಜೀಪುಗಳು, ಯುದ್ಧಕ್ಕೆ ಸಜ್ಜಾದ ಟ್ಯಾಂಕುಗಳು. ಈ ಕಾರ್ಖಾನೆಗೆ ಎಣ್ಣೆ ಸಂಗ್ರಹಿಸುತ್ತಿದ್ದ ಪಕ್ಕದ ಕಟ್ಟಡದಲ್ಲಿ ಈಗ ರಾಷ್ಟ್ರೀಯ ಉದ್ಯಾನ ಸೇವೆಯವರ ಸಂದರ್ಶಕರ ಕೇಂದ್ರವಿದೆ. ಪ್ರವೇಶಕ್ಕೆ ಹಣವಿಲ್ಲ.

ಹಡಗುಗಳ ಕಥೆಯನ್ನು ಅಲ್ಲಿ ಎಲ್ಲರೂ ಮೊದಲು ಹೇಳುತ್ತಾರೆ. ಉದ್ಯಮಿ ಹೆನ್ರಿ ಕೈಸರನ ನಾಲ್ಕು ಹಡಗುಕಟ್ಟೆಗಳು ಇಲ್ಲಿ 747 ಹಡಗುಗಳನ್ನು ಕಟ್ಟಿದವು. 1942ರ ನವೆಂಬರಿನಲ್ಲಿ ಒಂದು ಹಡಗನ್ನು ನಾಲ್ಕು ದಿನ ಹದಿನೈದೂವರೆ ಗಂಟೆಯಲ್ಲಿ ಕಟ್ಟಿ ನೀರಿಗಿಳಿಸಿದರು. 1940ರಲ್ಲಿ ಸುಮಾರು 24,000 ಜನರಿದ್ದ ಊರು ಮೂರ್ನಾಲ್ಕು ವರ್ಷದಲ್ಲಿ ಲಕ್ಷದ ಗೆರೆ ದಾಟಿತು. ಮಲಗಲು ಜಾಗವಿರಲಿಲ್ಲ. ರಾತ್ರಿ ಪಾಳಿಯವನು ಏಳುತ್ತಿದ್ದಂತೆಯೇ ಹಗಲು ಪಾಳಿಯವನು ಅದೇ ಹಾಸಿಗೆಗೆ ಬೀಳುತ್ತಿದ್ದ. ಹಾಸಿಗೆ ತಣ್ಣಗಾಗಲು ಸಮಯವೇ ಇರಲಿಲ್ಲ ಎಂದು ಮಾರ್ಗದರ್ಶಕರು ಹೇಳಿದಾಗ ನಮ್ಮ ಗುಂಪಿನಲ್ಲಿದ್ದ ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟು ಜನಕ್ಕೆ ದಿನಸಿ ಹೇಗೆ ಒದಗಿಸಿದರು ಎಂಬ ಲೆಕ್ಕವೇ ನನ್ನ ತಲೆಯಲ್ಲಿ ಓಡುತ್ತಿತ್ತು.

ಒದಗಿಸಿದ ಬಗೆ ಆ ಪುಟ್ಟ ಪುಸ್ತಕದಲ್ಲಿದೆ.

1942ರ ಮೇ ಮೊದಲ ವಾರದಲ್ಲಿ ಅಮೆರಿಕದ ಜನ ಹತ್ತಿರದ ಶಾಲೆಗಳ ಮುಂದೆ ಸಾಲು ನಿಂತು ಮೊದಲ ಪಡಿತರ ಪುಸ್ತಕ ಪಡೆದರು. ಬರೆದುಕೊಟ್ಟವರು ಶಾಲೆಯ ಶಿಕ್ಷಕರು. ನಮ್ಮಲ್ಲಿ ಜನಗಣತಿಗೂ ಮತದಾರರ ಪಟ್ಟಿಗೂ ಮೇಷ್ಟರನ್ನೇ ಹಿಡಿಯುತ್ತೇವಲ್ಲ, ಅಲ್ಲಿಯೂ ಅದೇ ಆಯಿತು. ಮೊದಲು ಬಂದದ್ದು ಸಕ್ಕರೆ, ತಲೆಗೆ ವಾರಕ್ಕೆ ಅರ್ಧ ಪೌಂಡ್. ತಿಂಗಳಿಗೆ ಲೆಕ್ಕ ಹಾಕಿದರೆ ಒಂದು ಕಿಲೋಗೆ ತುಸು ಕಡಿಮೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಜೊತೆಗಿದ್ದ ನಿಯಮ. ಮನೆಯಲ್ಲಿ ಈಗಾಗಲೇ ಎಷ್ಟು ಸಕ್ಕರೆ ಇದೆ ಎಂದು ಪ್ರತಿಯೊಬ್ಬರೂ ಘೋಷಿಸಬೇಕಿತ್ತು. ಹೆಚ್ಚಿಗೆ ಇದ್ದವರ ಪುಸ್ತಕದಿಂದ ಅಷ್ಟು ಚೀಟಿಗಳನ್ನು ಅಲ್ಲಿಯೇ ಹರಿದುಕೊಳ್ಳುತ್ತಿದ್ದರು. ಕೂಡಿಟ್ಟವನಿಗೂ ಇಲ್ಲದವನಿಗೂ ಒಂದೇ ಪಾಲು ಕೊಟ್ಟರೆ ಅದು ಸಮಪಾಲಾಗುವುದಿಲ್ಲ ಎಂಬುದನ್ನು ಮೊದಲ ದಿನವೇ ಅರಿತಿದ್ದ ಅಧಿಕಾರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಆಮೇಲೆ ಕಾಫಿ. 1942ರ ನವೆಂಬರ್ ಕೊನೆಯಿಂದ ಹದಿನೈದು ವರ್ಷ ದಾಟಿದವರಿಗೆ ಐದು ವಾರಕ್ಕೆ ಒಂದು ಪೌಂಡ್ ಪುಡಿ. ದಿನಕ್ಕೆ ಒಂದು ಲೋಟಕ್ಕೆ ಸಾಕಾದೀತು. ಬೆಳಗ್ಗೆ ಎದ್ದು ಫಿಲ್ಟರ್ ಇಡುವ ನಮ್ಮ ಮನೆಗಳಲ್ಲಿ ಇಂಥ ಆದೇಶ ಬಂದಿದ್ದರೆ ಏನಾಗುತ್ತಿತ್ತೆಂದು ನೆನೆದುಕೊಂಡೆ. ಬ್ರೆಜಿಲಿನಲ್ಲಿ ಕಾಫಿಗೆ ಬರವಿರಲಿಲ್ಲ, ತರಲು ಹಡಗಿರಲಿಲ್ಲ. ಇದ್ದ ಹಡಗುಗಳಿಗೆ ಜರ್ಮನ್ ಜಲಾಂತರ್ಗಾಮಿಗಳ ಕಾಟ. ಪೆಟ್ರೋಲಿನ ಕಥೆ ಇನ್ನೂ ವಿಚಿತ್ರ. ಬಹುತೇಕ ರಾಜ್ಯಗಳಲ್ಲಿ ಎಣ್ಣೆ ಸಾಕಷ್ಟಿದ್ದರೂ ದೇಶದ ಉದ್ದಗಲಕ್ಕೂ ಪಡಿತರ ತಂದರು, ಏಕೆಂದರೆ ಉಳಿಸಬೇಕಾಗಿದ್ದದ್ದು ಟೈರನ್ನು. ಮಲಯಾದ ರಬ್ಬರ್ ತೋಟಗಳು ಜಪಾನಿನ ವಶವಾಗಿದ್ದವು. ಸಾಮಾನ್ಯರ ಕಾರಿನ ಗಾಜಿಗೆ 'ಎ' ಎಂಬ ಚೀಟಿ ಅಂಟಿಸಿ, ವಾರಕ್ಕೆ ಮೂರು ನಾಲ್ಕು ಗ್ಯಾಲನ್ ಮಾತ್ರ ಕೊಟ್ಟರು. ಗಂಟೆಗೆ 35 ಮೈಲಿಗಿಂತ ವೇಗವಾಗಿ ಓಡಿಸುವಂತಿರಲಿಲ್ಲ.

ಮಾಂಸ, ಬೆಣ್ಣೆ, ಡಬ್ಬಿಯ ತರಕಾರಿಗಳಿಗೆ 1943ರಲ್ಲಿ ಬಂದ ಅಂಕಗಳ ಪದ್ಧತಿಯನ್ನು ಅರ್ಥ ಮಾಡಿಕೊಳ್ಳಲು ನಾನು ಮಗಳ ಮೊಬೈಲಿನಲ್ಲಿ ಲೆಕ್ಕ ಬರೆದುಕೊಳ್ಳಬೇಕಾಯಿತು. ಪ್ರತಿ ಪದಾರ್ಥಕ್ಕೂ ಎರಡು ಬೆಲೆ, ಒಂದು ಸೆಂಟಿನಲ್ಲಿ, ಇನ್ನೊಂದು ಅಂಕದಲ್ಲಿ. ತಲೆಗೆ ತಿಂಗಳಿಗೆ 48 ನೀಲಿ ಅಂಕ ಡಬ್ಬಿಯ ಪದಾರ್ಥಗಳಿಗೆ, 64 ಕೆಂಪು ಅಂಕ ಮಾಂಸಕ್ಕೂ ಕೊಬ್ಬಿಗೂ. ಕೈಗೂಸಿಗೂ ಅದರದೇ ಹೆಸರಿನ ಪುಸ್ತಕ. ಯಾವ ಪದಾರ್ಥ ವಿರಳವಾಗುತ್ತದೋ ಅದರ ಅಂಕ ಏರುತ್ತಿತ್ತು. ಹಣದ ಬೆಲೆ ಮಾತ್ರ ಏರುವಂತಿರಲಿಲ್ಲ. ಬಹುತೇಕ ಬೆಲೆಗಳನ್ನು 1942ರ ಮಾರ್ಚ್ ತಿಂಗಳ ಮಟ್ಟಕ್ಕೆ ಕಟ್ಟಿಹಾಕಿದ್ದರು. ಹಡಗುಕಟ್ಟೆಯಲ್ಲಿ ಗಂಟೆಗೆ 1 ಡಾಲರ್ 20 ಸೆಂಟ್ ಗಳಿಸುವ ನುರಿತ ಬೆಸುಗೆಗಾರನ ಜೇಬಿನಲ್ಲಿ ಹಣವಿತ್ತು, ದೇಶದ ಕನಿಷ್ಠ ಕೂಲಿಯ ನಾಲ್ಕು ಪಟ್ಟು ಅದು. ಆದರೆ ಹಣ ಹೆಚ್ಚಿದ್ದ ಮಾತ್ರಕ್ಕೆ ಪಕ್ಕದ ಮನೆಯ ಮಗುವಿನ ಬೆಣ್ಣೆಯನ್ನು ಅವನು ಕೊಳ್ಳಲಾಗುತ್ತಿರಲಿಲ್ಲ. ಹಾಗೆ ಕೊಳ್ಳುವವರೂ ಇದ್ದರು, ಕಾಳಸಂತೆ ಎಲ್ಲಿ ತಾನೇ ಇಲ್ಲ. ಅದಕ್ಕಾಗಿಯೇ ಗೃಹಿಣಿಯರಿಂದ ಪ್ರತಿಜ್ಞೆ ಮಾಡಿಸುತ್ತಿದ್ದರು: ನಿಗದಿಯಾದ ಬೆಲೆಗಿಂತ ಹೆಚ್ಚು ಕೊಡುವುದಿಲ್ಲ, ಅಂಕ ಕೊಡದೆ ಪಡಿತರದ ಪದಾರ್ಥ ಮುಟ್ಟುವುದಿಲ್ಲ ಎಂದು.

ಅಡುಗೆಮನೆಯ ಒಂದು ಡಬ್ಬಿ ನನ್ನನ್ನು ನೇರವಾಗಿ ಊರಿಗೆ ಕರೆದೊಯ್ದಿತು. ಹುರಿದು ಮಿಕ್ಕ ಕೊಬ್ಬನ್ನು ಸೋಸಿ ಡಬ್ಬಿಯಲ್ಲಿ ಕೂಡಿಸಿ ಮಾಂಸದಂಗಡಿಗೆ ಕೊಟ್ಟರೆ ಪೌಂಡಿಗೆ 4 ಸೆಂಟ್, ಜೊತೆಗೆ ಎರಡು ಕೆಂಪು ಅಂಕ. ಅದರಿಂದ ಗ್ಲಿಸರಿನ್ ತೆಗೆದು ಸಿಡಿಮದ್ದಿಗೆ ಬಳಸುತ್ತಿದ್ದರು. ಕೊಬ್ಬಿಗೆ ಅಷ್ಟು ಬರ ಬಂದ ಕಾರಣಗಳಲ್ಲಿ ಒಂದು, ಕೊಬ್ಬರಿ! ಅಮೆರಿಕಕ್ಕೆ ಕೊಬ್ಬರಿ ಬರುತ್ತಿದ್ದದ್ದು ಮುಖ್ಯವಾಗಿ ಫಿಲಿಪ್ಪೀನ್ಸಿನಿಂದ, ಅದು 1942ರಲ್ಲಿ ಜಪಾನಿನ ಕೈಸೇರಿತ್ತು. ಕೊಬ್ಬರಿ ಮಾರುಕಟ್ಟೆಯ ಏರಿಳಿತ ನೋಡುತ್ತ ಬೆಳೆದ ತಿಪಟೂರಿನವನಿಗೆ ಇದನ್ನು ಇನ್ನಾರೂ ವಿವರಿಸಬೇಕಾಗಿರಲಿಲ್ಲ.

ಕೇಂದ್ರದಲ್ಲಿ ಸ್ವಯಂಸೇವಕಿಯಾಗಿದ್ದ ಹಿರಿಯ ಮಹಿಳೆಯೊಬ್ಬರು ನನ್ನ ಆಸಕ್ತಿ ಕಂಡು ಅಂಗೈಯಲ್ಲಿ ಒಂದು ನಾಣ್ಯ ಇಟ್ಟರು. 1943ರ ಒಂದು ಸೆಂಟ್, ಬೂದು ಬಣ್ಣ. ತಾಮ್ರವೆಲ್ಲ ಮದ್ದುಗುಂಡಿಗೆ ಬೇಕಾಗಿದ್ದರಿಂದ ಆ ವರ್ಷ ಉಕ್ಕಿಗೆ ಸತು ಬಳಿದು ಅಚ್ಚು ಹಾಕಿದ್ದರು. ಅಂಥ ಐದು ಕೊಟ್ಟರೆ ಒಂದು ಬಾಟಲಿ ಕೋಕಾ ಕೋಲಾ, ಮೂರು ಕೊಟ್ಟರೆ ಅಂಚೆಚೀಟಿ. ಮೂವತ್ತರೊಳಗೆ ಸಿನಿಮಾ. 18 ಡಾಲರ್ 75 ಸೆಂಟ್ ಕೊಟ್ಟು ಯುದ್ಧ ಬಾಂಡ್ ಕೊಂಡರೆ ಹತ್ತು ವರ್ಷದ ಮೇಲೆ 25 ಡಾಲರ್. ಅಷ್ಟಿಲ್ಲದ ಮಕ್ಕಳು ಹತ್ತು ಸೆಂಟಿನ ಉಳಿತಾಯ ಚೀಟಿಗಳನ್ನು ಪುಸ್ತಕಕ್ಕೆ ಅಂಟಿಸುತ್ತ ಹೋಗಬಹುದಿತ್ತು. ತಾಯಂದಿರು ಕೆಲಸಕ್ಕೆ ಹೋಗುವಾಗ ಸರ್ಕಾರದ ನೆರವಿನ ಶಿಶುವಿಹಾರದಲ್ಲಿ ಮಗುವನ್ನು ಬಿಡಲು ದಿನಕ್ಕೆ 50 ಸೆಂಟ್. ಇಂದು ಮಗಳು ಮೊಮ್ಮಗನಿಗೆ ಕೊಡುತ್ತಿರುವ ಶುಲ್ಕ ಗೊತ್ತಿದ್ದರಿಂದ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮೂರು ಪಾಳಿಯ ಊರಿಗೆ ಮನರಂಜನೆಯೂ ಮೂರು ಪಾಳಿ. ಮ್ಯಾಕ್ಡೊನಾಲ್ಡ್ ಅವೆನ್ಯೂ ಎಂಬ ಮುಖ್ಯ ಬೀದಿಯ ಚಿತ್ರಮಂದಿರಗಳು ಹಗಲು ರಾತ್ರಿ ತೆರೆದಿರುತ್ತಿದ್ದವು. ಸಿನಿಮಾದ ಮೊದಲು ಯುದ್ಧದ ವಾರ್ತಾಚಿತ್ರ, ಹೊರಗೆ ಬಾಂಡ್ ಮಾರುವ ಮೇಜು. ಮನೆಯಲ್ಲಿ ರೇಡಿಯೋ. 1942ರ ಫೆಬ್ರವರಿಯ ಒಂದು ಭಾಷಣಕ್ಕೆ ಮುಂಚೆ, ಪ್ರಪಂಚದ ಭೂಪಟವನ್ನು ಎದುರಿಗಿಟ್ಟುಕೊಂಡು ಕೇಳಿ ಎಂದು ಅಧ್ಯಕ್ಷ ರೂಸ್ವೆಲ್ಟ್ ಜನರಿಗೆ ಹೇಳಿದ್ದರು. ನೈಲಾನ್ ಪ್ಯಾರಾಶೂಟಿಗೆ ಹೋದ ಮೇಲೆ ಹುಡುಗಿಯರು ನೃತ್ಯಕ್ಕೆ ಹೊರಡುವಾಗ ಕಾಲುಚೀಲದ ಹೊಲಿಗೆಯಂತೆ ಕಾಣಲಿ ಎಂದು ಬರಿಗಾಲಿನ ಹಿಂಬದಿಗೆ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳುತ್ತಿದ್ದರು. ಆ ಗೆರೆಯ ಹಿಂದೆ ಎಷ್ಟೊಂದು ಬದುಕುವ ಆಸೆ!

ಯುದ್ಧಕಾಲದ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರ ಗುರುತೆಂದು ಈಗ ಹೆಸರಾಗಿರುವ, ತಲೆಗೆ ಚುಕ್ಕೆಯ ಬಟ್ಟೆ ಕಟ್ಟಿ ತೋಳು ಮಡಿಸಿದ ಹೆಣ್ಣಿನ ಚಿತ್ರ ಮಳಿಗೆಯ ತುಂಬ ಇದೆ. ಅದು ಯುದ್ಧಕಾಲದಲ್ಲಿ ಮನೆಮಾತಾಗಿದ್ದ ಚಿತ್ರವಲ್ಲ. 1943ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ಕಾರ್ಖಾನೆಗಳ ಒಳಗೆ ಕೆಲವೇ ವಾರ ತೂಗುಹಾಕಿದ್ದು, ನಾಲ್ಕು ದಶಕದ ನಂತರ ಹೆಸರಾಯಿತು. ಅದಕ್ಕಿಂತ ನನಗೆ ಹತ್ತಿರವೆನಿಸಿದ್ದು ಬೆಟ್ಟಿ ರೀಡ್ ಸಾಸ್ಕಿನ್ ಅವರ ಮಾತು, ಬದುಕು. ಕಪ್ಪು ಕೆಲಸಗಾರರಿಗಾಗಿ ಬಾಯ್ಲರ್ ಕೆಲಸಗಾರರ ಸಂಘ ಬೇರೆಯೇ ಮಾಡಿದ್ದ ಶಾಖೆಯಲ್ಲಿ ಅವರು ಗುಮಾಸ್ತೆಯಾಗಿದ್ದರು. ಆ ಶಾಖೆಯವರು ಚಂದಾ ಕೊಡಬೇಕು, ಮತ ಹಾಕುವಂತಿಲ್ಲ. ಇದೇ ಉದ್ಯಾನದಲ್ಲಿ ಮುಂದೆ ರೇಂಜರ್ ಆಗಿ, ಲೋಹದ ತಗಡುಗಳನ್ನು ಜೋಡಿಸುವ ರಿವೆಟ್ ಎಂಬ ಮೊಳೆ ಹೊಡೆದ ಬಿಳಿಯ ಹೆಣ್ಣಿನ ಕಥೆ ತಮ್ಮ ಕಥೆಯಲ್ಲ ಎಂದು ಸಂದರ್ಶಕರಿಗೆ ನೇರವಾಗಿ ವಿವರಿಸುತ್ತಿದ್ದ ಅವರು 2022ರಲ್ಲಿ, ನೂರರ ವಯಸ್ಸಿನಲ್ಲಿ ನಿವೃತ್ತರಾದರು. ಗುಮಾಸ್ತರು ಕಂಡದ್ದು ಎಷ್ಟಿರುತ್ತದೆಂದು ನನಗೆ ಗೊತ್ತು.

ಸಂಜೆ ಕಾರ್ಖಾನೆಯ ಪಕ್ಕದ ಕಟ್ಟೆಯಿಂದ ದೋಣಿ ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದೆವು. ಗಾಳಿ ಜೋರಾಗಿತ್ತು. ರಿಚ್ಮಂಡಿನಲ್ಲಿ ಗುಲಾಬಿ, ಕಾರ್ನೇಷನ್ ಬೆಳೆಯುತ್ತಿದ್ದ ಜಪಾನಿ ಮೂಲದ ಕುಟುಂಬಗಳ ಗಾಜಿನ ಮನೆಗಳಿದ್ದವೆಂದು ಮಾರ್ಗದರ್ಶಕರು ಹೇಳಿದ್ದು ದಾರಿಯುದ್ದಕ್ಕೂ ಕಾಡಿತು. 1942ರಲ್ಲಿ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ, ಸುಮಾರು 1,20,000 ಜನರನ್ನು, ಮನೆ ಬಿಡಿಸಿ ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಹೆಚ್ಚಿನವರು ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು.

ಎರಡು ದಿನ ಕಳೆದು ನಾನೇ ಕೇಳಿಕೊಂಡು ಸ್ಯಾನ್ ಬ್ರೂನೋ ಬಾರ್ಟ್ ನಿಲ್ದಾಣಕ್ಕೆ ಹೋದೆ. ಅದರ ಪಕ್ಕದಲ್ಲಿ ಟ್ಯಾನ್‌ಫೊರಾನ್ ಎಂಬ ಕುದುರೆ ಜೂಜಿನ ಮೈದಾನವಿತ್ತು. ಹಾಗೆ ಮನೆ ಬಿಡಿಸಿದ ಸುಮಾರು 8,000 ಜನರನ್ನು 1942ರ ಏಪ್ರಿಲ್‌ನಿಂದ ತಿಂಗಳುಗಟ್ಟಲೆ ಅಲ್ಲಿಟ್ಟಿದ್ದರು, ಎಷ್ಟೋ ಕುಟುಂಬಗಳನ್ನು ಕುದುರೆ ಲಾಯದಲ್ಲಿಯೇ. ಆಮೇಲೆ ಬಹುತೇಕರನ್ನು ಯೂಟಾದ ಮರುಭೂಮಿಯ ಶಿಬಿರಕ್ಕೆ ಕಳಿಸಿದರು. ನಿಲ್ದಾಣದ ಹೊರಗೆ ಈಗ ಇಬ್ಬರು ಪುಟ್ಟ ಹುಡುಗಿಯರ ಕಂಚಿನ ಪ್ರತಿಮೆ ಇದೆ. ಡೊರೊಥಿಯಾ ಲ್ಯಾಂಗ್ ತೆಗೆದ ಛಾಯಾಚಿತ್ರವೊಂದನ್ನು ಆಧರಿಸಿದ್ದು. ರಿಚ್ಮಂಡಿನ ಹಡಗುಕಟ್ಟೆಯ ಕೆಲಸಗಾರರನ್ನು ಚಿತ್ರಿಸಿದ್ದೂ ಅವರ ಕ್ಯಾಮೆರಾವೇ.

ಆ ಶಿಬಿರಗಳಲ್ಲಿ ಒಬ್ಬರ ದಿನದ ಊಟಕ್ಕೆ 45 ಸೆಂಟ್ ಮೀರಬಾರದೆಂದು ಮಿತಿ ಇತ್ತು. ಬದುಕುಳಿದವರಿಗೆ ತಲಾ 20,000 ಡಾಲರ್ ಪರಿಹಾರ, ಕ್ಷಮಾಪಣೆ ಕೊಡುವ ಕಾನೂನು ಬಂದದ್ದು 1988ರಲ್ಲಿ. ಮಗಳಿಗೆ ಇದನ್ನು ಹೇಳುತ್ತ ಪ್ರತಿಮೆಯ ಹತ್ತಿರ ಹೋದೆ. ಹುಡುಗಿಯರ ಕೋಟಿಗೆ ಒಂದೊಂದು ಚೀಟಿ ಕಟ್ಟಿದೆ. ಕುಟುಂಬಕ್ಕೊಂದು ಸಂಖ್ಯೆ ಕೊಟ್ಟು, ಮನೆಯವರಿಗೂ ಗಂಟುಮೂಟೆಗೂ ಅದನ್ನೇ ಕಟ್ಟುತ್ತಿದ್ದರಂತೆ. ಸಾವಿರಾರು ಕುಟುಂಬಗಳಿಗೆ ಸಂಖ್ಯೆ ಬರೆದುಕೊಟ್ಟ ಈ ಕೈಯಿಂದ ಆ ಕಂಚಿನ ಚೀಟಿಯನ್ನು ಮುಟ್ಟಿದೆ. ಬಿಸಿಲಿಗೆ ಅದು ಕಾದಿತ್ತು.