ಆಯ್ದ ಹತ್ತು ಫೋಟೋ ಬೇಡ, ಇಡೀ ಕಾರ್ಡ್ ತೋರಿಸು

ಹೊಸದಾಗಿ ಕ್ಯಾಮೆರಾ ಹಿಡಿದವರು ಫೋಟೋ ತೋರಿಸಲು ಬರುವಾಗ ಹತ್ತು ಹನ್ನೆರಡನ್ನು ಆರಿಸಿ, ಎಡಿಟ್ ಮಾಡಿ, ಫೋನಿಗೆ ಹಾಕಿಕೊಂಡು ಬರುತ್ತಾರೆ. ನಾನು ಫೋನನ್ನು ಪಕ್ಕಕ್ಕಿಟ್ಟು ಮೆಮೊರಿ ಕಾರ್ಡ್ ಕೇಳುತ್ತೇನೆ. ತೆಗೆದಷ್ಟೂ ಬೇಕು. ಕಣ್ಣು ಮುಚ್ಚಿದ್ದು, ಅಲ್ಲಾಡಿದ್ದು, ಕೈತಪ್ಪಿ ಬರೀ ನೆಲ ಬಂದದ್ದು, ಎಲ್ಲವೂ. ಏನನ್ನೂ ಡಿಲೀಟ್ ಮಾಡಬೇಡ ಅಂತ ಮೊದಲೇ ಹೇಳಿರುತ್ತೇನೆ.

ಬೆಂಗಳೂರಿನಲ್ಲಿ ಮದುವೆ ಫೋಟೋ ತೆಗೆಯುವುದು ನನ್ನ ಕೆಲಸ. ನಮ್ಮ ಸ್ಟುಡಿಯೋಗೆ ಸೀಸನ್ ಶುರುವಾಗುವ ಮುಂಚೆ ಒಬ್ಬಿಬ್ಬರು ಹೊಸಬರು ಸೇರುತ್ತಾರೆ. ಅವರ ಫೋಟೋ ನೋಡಿ ಮಾತಾಡುವ ಜವಾಬ್ದಾರಿ ನನ್ನದು. ಈ ಕೆಲಸದಲ್ಲಿ ನನಗೆ ಮನವರಿಕೆಯಾದದ್ದು ಒಂದು ವಿಷಯ. ಫೋಟೋ ಕೆಟ್ಟಿದ್ದರೆ ಅದರ ಕಾರಣ ಆ ಫೋಟೋದಲ್ಲೇ ಸಿಗುವುದು ಕಮ್ಮಿ. ಅದರ ಹಿಂದಿನ ಐದಾರು ಫ್ರೇಮ್‌ಗಳಲ್ಲಿ ಸಿಗುತ್ತದೆ. ಕಾರಣ ಗೊತ್ತಿಲ್ಲದೆ ಹೇಳುವ ಅಭಿಪ್ರಾಯದಿಂದ ಕಲಿಯುವವರಿಗೆ ಏನೂ ಪ್ರಯೋಜನವಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಇಲ್ಲಿನ ಹೊಸಬರೆಲ್ಲ ಒಮ್ಮೆಯಾದರೂ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೆ ಕ್ಯಾಮೆರಾ ತಗೊಂಡು ಹೋಗಿರುತ್ತಾರೆ. ಮಹಡಿ ಮೇಲಿಂದ ಕೆಳಗಿನ ಸೇವಂತಿಗೆ ರಾಶಿ, ಚೆಂಡು ಹೂವಿನ ರಾಶಿ. ಆ ಫೋಟೋ ಎಲ್ಲರ ಹತ್ತಿರವೂ ಇರುತ್ತದೆ. ನಮ್ಮಲ್ಲಿಗೆ ಬಂದ ಒಬ್ಬ ಹುಡುಗ ಕೆಳಗಿಳಿದು, ಮಲ್ಲಿಗೆ ಮೊಳ ಹಾಕುವ ಅಜ್ಜಿಯನ್ನು ತೆಗೆದಿದ್ದ. ಹೂ ಅಳೆಯುವ ಕೈ ಪೂರ್ತಿ ಮಸುಕು. ಅಜ್ಜಿ ನೇರ ಕ್ಯಾಮೆರಾ ನೋಡುತ್ತಿದ್ದಾರೆ. "ಕಿಟ್ ಲೆನ್ಸ್ ಅಲ್ವಾ ಅಣ್ಣಾ, ಇಷ್ಟೇ ಬರೋದು" ಅಂದ. ಕ್ಯಾಮೆರಾ ಜೊತೆಗೇ ಬರುವ ಸಾಧಾರಣ ಲೆನ್ಸ್ ಅದು.

ಕಾರ್ಡ್ ಹಾಕಿ ನೋಡಿದೆವು. ಶಟರ್ ತೆರೆದಿದ್ದದ್ದು ಸೆಕೆಂಡಿನ 1/40 ಭಾಗ, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಅಳತೆ) 400. ಐಎಸ್‌ಒ ಏರಿಸಿದರೆ ಗ್ರೈನ್ (ಮರಳಿನಂಥ ಚುಕ್ಕೆ) ಬರುತ್ತದೆ ಅಂತ ಯಾರೋ ವಿಡಿಯೋದಲ್ಲಿ ಹೇಳಿದ್ದರಂತೆ, ಅದಕ್ಕೇ 400 ದಾಟಿಸಿರಲಿಲ್ಲ. 3200ಕ್ಕೆ ಏರಿಸಿದ್ದರೆ ಅದೇ ಬೆಳಕಿನಲ್ಲಿ ಶಟರ್ 1/320 ಆಗುತ್ತಿತ್ತು, ಅಜ್ಜಿಯ ಕೈ ಮಸುಕಾಗದೆ ನಿಲ್ಲುತ್ತಿತ್ತು. ಐಎಸ್‌ಒ 3200ರಲ್ಲಿ ತೆಗೆದ ಒಂದು ಮದುವೆ ಫೋಟೋ ನಮ್ಮ 12x36 ಆಲ್ಬಮ್ಮಿನಲ್ಲಿ ಇತ್ತು, ಅದನ್ನು ತೋರಿಸಿದೆ. ಗ್ರೈನ್ ಎಲ್ಲಿದೆ ಅಂತ ಅವನೇ ಹುಡುಕಿದ.

ಇದು ಒಂದು ಭಾಗ. ಅದಕ್ಕಿಂತ ದೊಡ್ಡದು ಹಿಂದಿನ ಫ್ರೇಮ್‌ಗಳಲ್ಲಿತ್ತು. ಮೊದಲನೆಯದರಲ್ಲಿ ಅವನು ದೂರ ಇದ್ದಾನೆ, ಅಜ್ಜಿ ತಲೆ ತಗ್ಗಿಸಿ ಹೂ ಕಟ್ಟುತ್ತಿದ್ದಾರೆ. ಆಮೇಲಿನದರಲ್ಲಿ ಸ್ವಲ್ಪ ಹತ್ತಿರ. ಗಿರಾಕಿ ಬಂದಿದ್ದಾರೆ, ಚೌಕಾಸಿ ನಡೆದಿದೆ. ಇನ್ನೂ ಹತ್ತಿರ. ಅಜ್ಜಿ ತಲೆ ಎತ್ತುತ್ತಾರೆ, ಕ್ಲಿಕ್. ಅದರ ನಂತರದ ಫ್ರೇಮ್‌ನಲ್ಲಿ ನಿಂಬೆಹಣ್ಣಿನ ರಾಶಿ! ಅಂದರೆ ಅಜ್ಜಿ ನೋಡಿದ ಕೂಡಲೇ ಹುಡುಗ ಜಾಗ ಬಿಟ್ಟಿದ್ದಾನೆ. ಯಾಕೆ ಹೊರಟೆ ಅಂತ ಕೇಳಿದೆ. "ಏನೋ ಒಂಥರಾ ಆಯ್ತಣ್ಣ" ಅಂದ.

ಈಗ ಮಾತಾಡಬೇಕಾದ ವಿಷಯ ಸಿಕ್ಕಿತು. ಅವನ ಅಡಚಣೆ ಲೆನ್ಸ್ ಅಲ್ಲ, ಸಂಕೋಚ. ಒಂದು ಮೊಳ ಹೂ ಕೊಂಡುಕೋ, ಎರಡು ಮಾತಾಡು, ಅಲ್ಲೇ ನಿಂತಿರು. ಸ್ವಲ್ಪ ಹೊತ್ತಿಗೆ ಅವರು ನಿನ್ನನ್ನು ಮರೆತು ಕೆಲಸಕ್ಕೆ ಮರಳುತ್ತಾರೆ, ಆಗ ತೆಗೆ ಅಂದೆ. ಆ ಒಂದೇ ಫೋಟೋ ನೋಡಿ "ಶಾರ್ಪ್ ಇಲ್ಲ" ಅಂತ ಹೇಳಿ ಕಳಿಸಿದ್ದರೆ ಅವನು ಸಾಲ ಮಾಡಿ ಹೊಸ ಲೆನ್ಸ್ ತಗೊಳ್ಳುತ್ತಿದ್ದ. ಸಂಕೋಚ ಹಾಗೇ ಉಳಿಯುತ್ತಿತ್ತು.

ಎಲ್ಲದಕ್ಕೂ ಹೀಗೆ ಪ್ರಶ್ನೆ ಕೇಳುತ್ತಾ ಕೂರಬಾರದು. ಕೆಲವನ್ನು ನೇರ ಹೇಳಿಬಿಡಬೇಕು. ಮಂಟಪದ ಎಲ್‌ಇಡಿ ಸೀರಿಯಲ್ ಸೆಟ್ ಕೆಳಗೆ ತೆಗೆದ ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬಂದಿರುತ್ತದೆ. ಕ್ಯಾಮೆರಾ ಕೆಟ್ಟಿದೆ ಅಂತ ಹೊಸಬರು ಹೆದರುತ್ತಾರೆ. ನಮ್ಮ ಕರೆಂಟು 50 ಹರ್ಟ್ಸ್. ಇಂಥ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸದ್ದಿಲ್ಲದೆ, ಚಿತ್ರವನ್ನು ಸಾಲು ಸಾಲಾಗಿ ದಾಖಲಿಸುವ ಸೈಲೆಂಟ್ ಶಟರ್ ಹಾಕಿ 1/500ರಲ್ಲಿ ತೆಗೆದರೆ ಆ ಮಿನುಗು ಪಟ್ಟೆಯಾಗಿ ಕಾಣುತ್ತದೆ. ಪರದೆ ತೆರೆದು ಮುಚ್ಚುವ ಮೆಕ್ಯಾನಿಕಲ್ ಶಟರ್‌ಗೆ ಬಾ, 1/100 ಇಡು, ಬಹುಮಟ್ಟಿಗೆ ಹೋಗುತ್ತದೆ. ಇದನ್ನು "ನಿನಗೇನು ಅನ್ನಿಸುತ್ತೆ" ಅಂತ ಕೇಳಿದರೆ ಅವರಿಗೆ ಹೇಗೆ ಗೊತ್ತಾಗಬೇಕು? ಯಂತ್ರದ ವಿಷಯ ನೇರ ಹೇಳಿ. ಎಲ್ಲಿ ನಿಂತೆ, ಯಾವಾಗ ಒತ್ತಿದೆ, ಯಾಕೆ ಬಿಟ್ಟೆ, ಇವನ್ನು ಮಾತ್ರ ಕೇಳಿ.

ಮದುವೆ ಕಾರ್ಡಿನಲ್ಲಿ ಎರಡು ಮೂರು ಸಾವಿರ ಫ್ರೇಮ್ ಇರುತ್ತವೆ. ಎಲ್ಲವನ್ನೂ ಕೂತು ನೋಡಲು ಯಾರಿಗೆ ಪುರುಸೊತ್ತು? ನಾನು ಮುಹೂರ್ತದ ಹಿಂದು ಮುಂದಿನ ಅರ್ಧ ಗಂಟೆ ಮಾತ್ರ ತೆಗೆದುಕೊಳ್ಳುತ್ತೇನೆ. ಪ್ರತಿ ಫ್ರೇಮ್‌ನಲ್ಲೂ ಸಮಯ ದಾಖಲಾಗಿರುತ್ತದೆ. ಒಬ್ಬಳು ಹುಡುಗಿ ಮಾಂಗಲ್ಯಧಾರಣೆಯ ಫೋಟೋ ತಂದಿದ್ದಳು. ಮಧುಮಗಳ ಮುಖಕ್ಕೆ ಯಾರದೋ ಮೊಣಕೈ ಅಡ್ಡ, ಫೋಕಸ್ ಗಾಳಿಯಲ್ಲಿದ್ದ ಅಕ್ಷತೆಯ ಮೇಲೆ. ಸಮಯ ನೋಡಿದರೆ, ಅಂತರಪಟ ಹಿಡಿಯುವ ಹೊತ್ತಿಗೆ ಅವಳು ಬಾಗಿಲ ಬಳಿ ಹೂವಿನ ಅಲಂಕಾರ ತೆಗೆಯುತ್ತಿದ್ದಳು. ಗಟ್ಟಿಮೇಳ ಕೇಳಿ ಓಡಿ ಬಂದಿದ್ದಾಳೆ. ಆಗ ಯಾರು ಜಾಗ ಬಿಡುತ್ತಾರೆ? ನೆಂಟರೆಲ್ಲ ಫೋನ್ ಹಿಡಿದು ಎದ್ದು ನಿಂತಿರುತ್ತಾರೆ. ಅವಳಿಗೆ ಹೇಳಿದ್ದು ಇಷ್ಟೇ. ಪುರೋಹಿತರನ್ನು ಬೆಳಿಗ್ಗೆಯೇ ಮಾತಾಡಿಸು, ತಾಳಿ ಯಾವ ಕಡೆಯಿಂದ ಕಟ್ಟಿಸುತ್ತಾರೆ ಕೇಳು, ಅಂತರಪಟ ಏರುವ ಮುಂಚೆ ನಿನ್ನ ಜಾಗದಲ್ಲಿರು. ಫೋಕಸ್ ಬಗ್ಗೆ ಆವತ್ತು ಮಾತೇ ಎತ್ತಲಿಲ್ಲ. ಒಂದು ಸಲಕ್ಕೆ ಒಂದು ಸಾಕು. ಹತ್ತು ಹೇಳಿದರೆ ಮುಂದಿನ ಮದುವೆಯಲ್ಲಿ ಹತ್ತೂ ತಲೆಯಲ್ಲಿ ಗಿರಕಿ ಹೊಡೆದು ಕೈ ನಡುಗುತ್ತದೆ.

ಇಡೀ ಕಾರ್ಡ್ ನೋಡುವುದರಿಂದ ಇನ್ನೊಂದು ಲಾಭವಿದೆ, ನನಗೆ ಅದೇ ಹೆಚ್ಚು ಇಷ್ಟ. ಅವರು ಬೇಡ ಅಂತ ಬಿಟ್ಟದ್ದರಲ್ಲಿ ಒಳ್ಳೆಯ ಫೋಟೋ ಸಿಗುತ್ತದೆ. ಅದೇ ಹುಡುಗಿಯ ಕಾರ್ಡಿನಲ್ಲಿ, ಊಟದ ಹಾಲ್‌ನಲ್ಲಿ ಮಧುಮಗಳ ಅಪ್ಪ ಒಬ್ಬರೇ ನಿಂತು ಹಾಕಿದ ಬಾಳೆಲೆಗಳ ಸಾಲು ನೋಡುತ್ತಿದ್ದ ಒಂದು ಫ್ರೇಮ್ ಇತ್ತು. ಶಲ್ಯದ ತುದಿ ಕೈಯಲ್ಲಿ ಸುತ್ತಿಕೊಂಡಿದ್ದಾರೆ. ಮೇಲೆ ಟ್ಯೂಬ್‌ಲೈಟ್, ಪಕ್ಕದಲ್ಲಿ ನೀರಿನ ಕ್ಯಾನ್ ಅಂತ ಅವಳು ಅದನ್ನು ಆರಿಸಿರಲಿಲ್ಲ. "ಸುಮ್ನೆ ತೆಗೆದೆ ಸರ್" ಅಂದಳು. ಆವತ್ತು ಅಲ್ಲಿ ನಾವು ಮೂವರು ಫೋಟೋಗ್ರಾಫರ್‌ಗಳಿದ್ದೆವು, ಅದನ್ನು ಕಂಡವಳು ಅವಳೊಬ್ಬಳೇ. ಆ ಮಾತನ್ನು ಹಾಗೆಯೇ ಹೇಳಿದೆ. ಬರೀ "ಚೆನ್ನಾಗಿದೆ" ಅಂದರೆ ಹೊಸಬರಿಗೆ ಏನೂ ತಿಳಿಯುವುದಿಲ್ಲ. ಏನು ಚೆನ್ನಾಗಿದೆ, ಎಲ್ಲಿ ಚೆನ್ನಾಗಿದೆ ಅಂತ ಬೆರಳಿಟ್ಟು ತೋರಿಸಬೇಕು. ಫೋಟೋ ಆಲ್ಬಮ್ಮಿಗೆ ಹೋಯಿತು, ಕ್ಯಾನ್ ಸಮೇತ.

ಬೆಂಗಳೂರಿನಲ್ಲಿ ಫೋಟೋ ಇಟ್ಟುಕೊಂಡು ಕೂತು ಚರ್ಚಿಸುವ ಪದ್ಧತಿ ಹಳೆಯದು. ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇಲ್ಲಿದೆ. ಟಿ.ಎನ್.ಎ. ಪೆರುಮಾಳ್ ಅವರಂಥ ದೊಡ್ಡ ವನ್ಯಜೀವಿ ಛಾಯಾಗ್ರಾಹಕರು ಇದ್ದ ಊರಿದು. ಸಲಾನ್ ಅನ್ನುವ ಫೋಟೋ ಸ್ಪರ್ಧೆಗಳಿಗೆ ಕಳಿಸುವುದೂ ಒಳ್ಳೆಯದೇ, ಕಳಿಸಿ ಅಂತ ನಾನೂ ಹೇಳುತ್ತೇನೆ. ಆದರೆ ಅಲ್ಲಿ ತೀರ್ಪುಗಾರರ ಮುಂದೆ ಒಂದೊಂದೇ ಫೋಟೋ ಬರುತ್ತದೆ, ಅಂಕ ಬೀಳುತ್ತದೆ. ಅವರು ಫೋಟೋ ಹೇಗಿದೆ ಅಂತ ಹೇಳಬೇಕು, ಹೇಳುತ್ತಾರೆ. ಮೊದಲ ವರ್ಷದವರಿಗೆ ಅಷ್ಟೇ ಸಾಲದು.

ಹೇಳುವ ಹೊತ್ತು, ಜಾಗವೂ ಮುಖ್ಯ. ಮಂಟಪದಲ್ಲಿ "ಎಡಕ್ಕೆ ಬಾ" ಅನ್ನುವುದು ಬಿಟ್ಟು ಬೇರೇನೂ ಬೇಡ. ಗಿರಾಕಿ ಎದುರಿಗೆ, ಮೇಕಪ್‌ನವರ ಎದುರಿಗೆ, ವಾಟ್ಸಾಪ್ ಗ್ರೂಪಿನಲ್ಲಿ ಹೇಳಲೇಬಾರದು. ಮುಂಜಾನೆ ನಾಲ್ಕಕ್ಕೆ ಎದ್ದು ರಿಸೆಪ್ಷನ್ ಮುಗಿಸಿದವರಿಗೆ ಆವತ್ತೇ ರಾತ್ರಿ ಹೇಳಿದರೆ ಮನಸ್ಸು ಮುರಿಯುತ್ತದೆ. ನಿದ್ದೆ ಮಾಡಿ ಬರಲಿ. ಕಂಪ್ಯೂಟರ್ ಮುಂದೆ ಕೂತಾಗ ಮೌಸ್ ಅವರ ಕೈಯಲ್ಲೇ ಇರಲಿ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿಯೇ ಮಾತಾಡುತ್ತೇನೆ. ಎಡಿಟ್ ಮಾಡುವಾಗ ಮಧುಮಗಳ ಬಣ್ಣ ಬಿಳಿ ಮಾಡುವುದು. ಅರಿಶಿನ ಹಚ್ಚಿದ ಕಂದು ಕೆನ್ನೆಯನ್ನು ಸುಣ್ಣ ಬಳಿದ ಗೋಡೆ ಥರ ಮಾಡಿ ತರುತ್ತಾರೆ. ಹೊಸಬರ ತಪ್ಪಲ್ಲ, ಸುತ್ತ ಎಲ್ಲರೂ ಅದನ್ನೇ ಮಾಡುತ್ತಿದ್ದಾರೆ. ಆದರೂ ಬಿಡುವುದಿಲ್ಲ. ಮೂಲ ಫೈಲನ್ನೂ ಅದನ್ನೂ ಅಕ್ಕಪಕ್ಕ ಇಡಿಸುತ್ತೇನೆ. ಇವರು ಯಾರು, ಅವರು ಯಾರು ಅಂತ ಕೇಳುತ್ತೇನೆ. ನಮ್ಮ ಸ್ಟುಡಿಯೋದಿಂದ ಹೊರಗೆ ಹೋಗುವ ಫೋಟೋದಲ್ಲಿ ಆ ಹೆಣ್ಣುಮಗಳು ಆ ಹೆಣ್ಣುಮಗಳೇ ಆಗಿರಬೇಕು.

ಉಳಿದದ್ದರಲ್ಲಿ ಅವರು ಎದುರು ಮಾತಾಡಿದರೆ ನನಗೆ ಖುಷಿ. ಕೆ.ಆರ್. ಮಾರ್ಕೆಟ್ಟಿನ ಹುಡುಗ ಮೊನ್ನೆ ತಂದ ಒಂದು ಫೋಟೋದಲ್ಲಿ ನಾದಸ್ವರದವರ ತಲೆ ಅರ್ಧ ಕತ್ತರಿಸಿತ್ತು. ಮೇಲೆ ಸ್ವಲ್ಪ ಜಾಗ ಬಿಡಬೇಕಿತ್ತು ಅಂದೆ. ಇಲ್ಲಣ್ಣ, ಉಬ್ಬಿದ ಕೆನ್ನೆ, ಬೆರಳು ಅಷ್ಟೇ ಬೇಕಿತ್ತು ಅಂದ. ಹಿಂದಿನ ಫ್ರೇಮ್‌ಗಳನ್ನು ನೋಡಿದೆ. ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ಕೆಳಗೆ ಬರುತ್ತಾ ಬೇಕೆಂದೇ ಆ ಅಳತೆಗೆ ತಂದು ನಿಲ್ಲಿಸಿದ್ದ. ಹಾಗೇ ಇರಲಿ ಅಂತ ಹೇಳಿ ಮುಂದಿನದಕ್ಕೆ ಹೋದೆವು.