ಕಾಡಿನ ಬೆಂಕಿಗೆ ಯಾಕೆ ಹೋಗ್ತೀರಿ, ಅಲ್ಲಿ ದೇವರು ಕಾಣ್ತಾನಾ?

ಫೆಬ್ರವರಿ ಬಂತು ಅಂದರೆ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ, ಕಾಫಿ ಮಾರಲು ಹೋದ ಕಡೆ ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ. "ನಿಮ್ಮ ತೋಟಕ್ಕೇನೂ ಬೆಂಕಿ ಬಿದ್ದಿಲ್ಲ. ಅರಣ್ಯ ಇಲಾಖೆಯವರು ಸಂಬಳ ಕೊಡೋದೂ ಇಲ್ಲ. ಮತ್ತೆ ಯಾಕೆ ಗುಡ್ಡ ಹತ್ತಿ ಬೆಂಕಿ ಬಡಿಯೋಕೆ ಹೋಗ್ತೀರಿ?" ಸ್ವಲ್ಪ ಸಲಿಗೆ ಇದ್ದವರು ಇನ್ನೊಂದು ಮಾತು ಸೇರಿಸುತ್ತಾರೆ. "ಅಷ್ಟು ಹತ್ತಿರದಿಂದ ನೋಡಿದೋರಲ್ವಾ, ಆ ಬೆಂಕಿಯಲ್ಲಿ ದೇವರು ಕಾಣ್ತಾನಾ?"

ಎರಡಕ್ಕೂ ನನ್ನ ಹತ್ತಿರ ಇರುವುದು ಒಂದೇ ಉತ್ತರ. ಬೆಂಕಿಯ ಮುಂದೆ ಮನುಷ್ಯನ ಜೀವ ಉಳಿಸುವ ಗುಣಗಳು ಯಾವುವೋ, ಭಕ್ತಿಗೆ ಬೇಕಾದ ಗುಣಗಳೂ ಅವೇ ಅಂತ ನಾನು ನಂಬಿದ್ದೇನೆ. ತಗ್ಗಿ ನಡೆಯುವುದು, ಮೈಯೆಲ್ಲ ಕಣ್ಣಾಗಿರುವುದು, ಹೇಳಿದ ಮಾತು ಕೇಳುವುದು, ಜೊತೆಗಿದ್ದವನನ್ನು ಬಿಟ್ಟು ಬಾರದಿರುವುದು. ಇದು ಅರ್ಥವಾಗಬೇಕಾದರೆ ಅಪಾಯ ಎಂಥದ್ದು ಅಂತ ಮೊದಲು ಗೊತ್ತಾಗಬೇಕು. ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮದು ಚಿಕ್ಕಮಗಳೂರಿನ ಗಿರಿಸಾಲಿನ ಬುಡದ ಊರು. ಸಣ್ಣ ಕಾಫಿ ತೋಟ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ, ಆ ಕಡೆ ಚಾರ್ಮಾಡಿ, ಹಾಸನ ಜಿಲ್ಲೆಯ ಸಕಲೇಶಪುರ, ಬಿಸಿಲೆ, ಎಲ್ಲ ಕಡೆಯೂ ಗುಡ್ಡದ ಮೇಲೆ ಹುಲ್ಲು, ಮಡಿಲುಗಳಲ್ಲಿ ಶೋಲಾ ಅನ್ನುವ ದಟ್ಟ, ತೇವದ ಕಾಡು. ಮಳೆಗಾಲದಲ್ಲಿ ಕಣ್ಣು ತಂಪಾಗುವಷ್ಟು ಹಸಿರು. ಜನವರಿ ಮುಗಿಯುವ ಹೊತ್ತಿಗೆ ಅದೇ ಹುಲ್ಲು ಒಣಗಿ ಸೊಂಟದೆತ್ತರದ ಕರಡ ಆಗಿರುತ್ತದೆ. ಅಲ್ಲಿಂದ ಕಾಫಿ ಹೂವು ಅರಳಿಸುವ ಹೂಮಳೆ ಬೀಳುವವರೆಗೆ ನಮಗೆ ನೆಮ್ಮದಿ ಇಲ್ಲ. ಗುಡ್ಡದಲ್ಲಿ ಹೊಗೆ ಕಂಡರೆ ಕಾಡು ಕಾಯುವ ಇಲಾಖೆಯ ಗಾರ್ಡ್, ವಾಚರ್‌ಗಳ ಜೊತೆ ಊರಿನ ಕೆಲವರು ಹೊರಡುತ್ತೇವೆ.

ಈಗ ಉಪಗ್ರಹದಿಂದಲೂ ಸುದ್ದಿ ಬರುತ್ತದೆ. ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆ ಬೆಂಕಿ ಕಂಡ ಜಾಗವನ್ನು ಮೆಸೇಜ್ ಮಾಡುತ್ತದೆ. ಆದರೆ ಮೆಸೇಜ್ ಬೆಂಕಿ ಆರಿಸುವುದಿಲ್ಲ, ಯಾರಾದರೂ ನಡೆದೇ ಹೋಗಬೇಕು. ಹೆಲಿಕಾಪ್ಟರ್ ಬರಲ್ವಾ ಅಂತ ಕೇಳುತ್ತಾರೆ. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಿತು, ನಿಜ. ನಮ್ಮ ಗುಡ್ಡಗಳಲ್ಲಿ ದಿನನಿತ್ಯ ಕೆಲಸ ನಡೆಯುವುದು ಹಸಿ ಸೊಪ್ಪಿನ ಕೊಂಬೆ, ಕತ್ತಿ, ಬೆನ್ನಿಗೆ ಹೊತ್ತು ಗಾಳಿ ಊದುವ ಬ್ಲೋವರ್, ಇಷ್ಟರಲ್ಲೇ.

ಬೆಂಕಿಗೆ ಇಳಿಜಾರು ಅಂದರೆ ನಮಗೆ ಅನ್ನಿಸುವುದಕ್ಕಿಂತ ಬೇರೆ. ಮನುಷ್ಯ ಏರು ಹತ್ತುವಾಗ ಏದುಸಿರು ಬಿಡುತ್ತಾನೆ, ಬೆಂಕಿಗೆ ಏರಿನಲ್ಲೇ ಓಟ ಜಾಸ್ತಿ. ಕೆಳಗಿನ ಉರಿ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಇಟ್ಟಿರುತ್ತದೆ, ಕಿಡಿ ತಾಗುವುದಷ್ಟೇ ಬಾಕಿ. ಇಳಿಜಾರು 10 ಡಿಗ್ರಿ ಹೆಚ್ಚಿದಂತೆ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಅನ್ನುವುದು ಬೆಂಕಿ ಕೆಲಸದವರ ಲೆಕ್ಕ. ಅಂದರೆ 20 ಡಿಗ್ರಿಗೆ ನಾಲ್ಕು ಪಟ್ಟು. ನಮ್ಮ ಗುಡ್ಡಗಳು ಅದಕ್ಕಿಂತ ಕಡಿದಾಗಿವೆ. ಇನ್ನು ಎರಡು ದಿಬ್ಬಗಳ ನಡುವಿನ ಕೊರಕಲು ಇದೆಯಲ್ಲ, ಅದು ಒಲೆಯ ಹೊಗೆಗೂಡಿನ ಹಾಗೆ ಉರಿಯನ್ನು ಮೇಲಕ್ಕೆ ಎಳೆಯುತ್ತದೆ. ಹೊಸಬರಿಗೆ ನಾವು ಮೊದಲು ಹೇಳುವ ಮಾತೇ ಇದು: ಬೆಂಕಿಗಿಂತ ಮೇಲೆ ನಿಲ್ಲಬೇಡ, ಕೊರಕಲಿಗೆ ಇಳಿಯಬೇಡ, ಮೇಲಕ್ಕೆ ಓಡಬೇಡ.

2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಬಂದವರು ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿಗೆ ಸಿಕ್ಕರು. 20ಕ್ಕೂ ಹೆಚ್ಚು ಜನ ಹೋದರು. ಬಹಳಷ್ಟು ಮಂದಿ ಹುಡುಗ ಹುಡುಗಿಯರು. ನಮ್ಮ ಪಕ್ಕದಲ್ಲೇ, 2023ರ ಫೆಬ್ರವರಿಯಲ್ಲಿ, ಸಕಲೇಶಪುರ ತಾಲ್ಲೂಕಿನ ಕಾಡುಮನೆ ಹತ್ತಿರ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿ ಉರಿಯ ನಡುವೆ ಸಿಕ್ಕಿಬಿದ್ದರು. ಅವರಲ್ಲೊಬ್ಬರು ಸುಟ್ಟ ಗಾಯಗಳಿಂದ ತೀರಿಕೊಂಡರು. ಅನುಭವ ಇದ್ದವರೇ ಅವರು. ಆ ಸುದ್ದಿ ಬಂದ ದಿನ ನಮ್ಮ ಊರಿನಲ್ಲಿ ಯಾರಿಗೂ ಊಟ ಸೇರಲಿಲ್ಲ.

ಕಣ್ಣಿಗೆ ಕಾಣದ ಅಪಾಯಗಳೂ ಇವೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ತಲೆಗೆ ಮಂಕು ಕವಿಸುತ್ತದೆ. ನಾನು ಸರಿಯಾಗಿಯೇ ಇದ್ದೇನೆ ಅಂದುಕೊಂಡೇ ಮನುಷ್ಯ ತಪ್ಪು ದಿಕ್ಕಿಗೆ ನಡೆಯುತ್ತಾನೆ. ಪಾಲಿಯೆಸ್ಟರ್ ಅಂಗಿ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಅದಕ್ಕೇ ಹತ್ತಿ ಬಟ್ಟೆ. ಹಿಡಿದಿದ್ದ ಬೇರು ಸುಟ್ಟುಹೋಗಿ ಬಂಡೆಗಳು ಉರುಳುತ್ತವೆ. ಬುಡ ಸುಟ್ಟ ಒಣಮರ ಬೆಂಕಿ ಆರಿದ ಎಷ್ಟೋ ಹೊತ್ತಿನ ಮೇಲೆ ಸದ್ದಿಲ್ಲದೆ ಬೀಳುತ್ತದೆ. ಬಿದಿರು ಮೆಳೆಗೆ ಬೆಂಕಿ ಬಿದ್ದರೆ ಗಿಣ್ಣು ಗಿಣ್ಣೂ ಸಿಡಿಯುತ್ತದೆ.

ಈ ವಿಷಯದಲ್ಲಿ ನನ್ನ ಮನಸ್ಸನ್ನು ತುಂಬಾ ಕಲಕಿದ ಘಟನೆ ನಡೆದದ್ದು ದೂರದ ಅಮೆರಿಕದಲ್ಲಿ. 1949ರ ಆಗಸ್ಟ್ 5. ಮೊಂಟಾನಾ ರಾಜ್ಯದ ಮ್ಯಾನ್ ಗಲ್ಚ್ ಅನ್ನುವ ಕಣಿವೆ. ವಿಮಾನದಿಂದ ಪ್ಯಾರಾಚೂಟ್‌ನಲ್ಲಿ ಇಳಿದ ತಂಡ, ಕಡಿದಾದ ಹುಲ್ಲಿನ ಇಳಿಜಾರು, ಕೆಳಗಿನಿಂದ ಅಟ್ಟಿಸಿಕೊಂಡು ಬರುತ್ತಿರುವ ಬೆಂಕಿ. ಎಲ್ಲರೂ ಮೇಲಕ್ಕೆ ಓಡುತ್ತಿದ್ದಾರೆ. ತಂಡದ ಮುಖ್ಯಸ್ಥ ವ್ಯಾಗ್ ಡಾಡ್ಜ್ ನಿಂತುಬಿಟ್ಟ. ಬೆಂಕಿಕಡ್ಡಿ ಗೀರಿ ತನ್ನ ಮುಂದಿದ್ದ ಹುಲ್ಲಿಗೆ ತಾನೇ ಬೆಂಕಿ ಹಚ್ಚಿದ. ಅದು ಸುಟ್ಟು ಮುಂದೆ ಸರಿದ ಕೂಡಲೇ ಆ ಬಿಸಿ ಬೂದಿಯೊಳಗೆ ಹೋಗಿ ಬೋರಲು ಮಲಗಿದ. ಬನ್ನಿ ಅಂತ ಉಳಿದವರನ್ನೂ ಕರೆದ. ಯಾರೂ ನಿಲ್ಲಲಿಲ್ಲ. ಹೇಗೆ ನಿಲ್ಲುತ್ತಾರೆ, ಪಾಪ? ಹಿಂದೆ ಬೆಂಕಿ ಬರುತ್ತಿರುವಾಗ ಮುಂದೆ ಬೆಂಕಿ ಹಚ್ಚುವವನನ್ನು ನೋಡಿದರೆ ಹುಚ್ಚು ಹಿಡಿದಿದೆ ಅಂತಲೇ ಅನ್ನಿಸುತ್ತದೆ. 13 ಜನ ಸತ್ತರು. ದೊಡ್ಡ ಬೆಂಕಿ ಅವನ ಸುತ್ತ ಹಾದು ಹೋಯಿತು, ಅವನು ಎದ್ದು ಬಂದ. ಬಂಡೆಯ ಸಂದಿನಿಂದ ದಾಟಿಹೋದ ಇಬ್ಬರು ಉಳಿದರು.

ಸುಟ್ಟ ಜಾಗವೇ ಸುರಕ್ಷಿತ ಜಾಗ. ನಮ್ಮ ವಾಚರ್‌ಗಳೂ ಇದನ್ನೇ ಹೇಳುತ್ತಾರೆ, "ಏನಾದ್ರೂ ಆದ್ರೆ ಕರಿ ಕಡೆ ಬಾ." ನಾನು ದಿನಾ ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚುವವನು. ಚಿಕ್ಕಂದಿನಿಂದ ಅಭ್ಯಾಸ, ಯಾಕೆ ಅಂತ ಯೋಚಿಸಿದ್ದು ಕಡಿಮೆ. ಗುಡ್ಡದ ಮೇಲೆ, ಕಾಲಡಿ ಬೂದಿ ಇನ್ನೂ ಬಿಸಿ ಇರುವಾಗ, ಎರಡೂ ಕಡೆ ಉರಿ ಹಾದು ಹೋಗುತ್ತಿದ್ದಾಗ ಅದು ನನಗೆ ಅರ್ಥವಾಯಿತು. ಇಲ್ಲಿ ಸುಡುವುದಕ್ಕೆ ಇನ್ನೇನೂ ಉಳಿದಿಲ್ಲ, ಅದಕ್ಕೇ ಬೆಂಕಿ ಇಲ್ಲಿಗೆ ಬರುವುದಿಲ್ಲ. ನಾನು ಎಂಬುದು ಸುಟ್ಟವನಿಗೆ ಭಯ ಇಲ್ಲ ಅಂತ ಹಿರಿಯರು ಹೇಳುತ್ತಿದ್ದರಲ್ಲ, ಆ ಮಾತಿಗೆ ಕಾಲಿಟ್ಟು ನಿಲ್ಲುವಷ್ಟು ಜಾಗ ಸಿಕ್ಕಿದ್ದು ಅಲ್ಲಿ. ದೇವರು ಕಾಣ್ತಾನಾ ಅಂತ ಕೇಳಿದವರಿಗೆ ನಾನು ಹೇಳುವುದು ಇಷ್ಟು: ಉರಿಯಲ್ಲಿ ನನಗೆ ಏನೂ ಕಂಡಿಲ್ಲ. ಉರಿಯಲ್ಲಿ ಕಣ್ಣೇ ಬಿಡಲು ಆಗುವುದಿಲ್ಲ. ಆ ಬೂದಿಯ ಮೇಲೆ ನಿಂತಾಗ ಮಾತ್ರ ಕೈ ತಾನಾಗಿಯೇ ಮುಗಿದಿದೆ.

ಓದಿಕೊಂಡವರು ಒಂದು ಪ್ರಶ್ನೆ ಎತ್ತುತ್ತಾರೆ, ಅದನ್ನು ಬಿಡುವ ಹಾಗಿಲ್ಲ. ಮಹಾಭಾರತದಲ್ಲಿ ಅಗ್ನಿಗೆ ಖಾಂಡವವನವನ್ನು ಉಣಿಸಿದ್ದು ಕೃಷ್ಣಾರ್ಜುನರೇ ಅಲ್ವಾ? ಇಂದ್ರನ ಮಳೆಯನ್ನೇ ತಡೆದು ಸುಡಿಸಿದರಲ್ಲ? ನೀವು ಅಗ್ನಿಯ ಊಟಕ್ಕೆ ಅಡ್ಡ ಹೋಗುವುದು ಸರಿಯಾ? ನನಗೆ ಆ ಕಥೆಯಲ್ಲಿ ಮುಖ್ಯ ಅನ್ನಿಸುವುದು ಜರಿತೆ ಎಂಬ ಹಕ್ಕಿ. ರೆಕ್ಕೆ ಬಲಿಯದ ನಾಲ್ಕು ಮರಿಗಳು, ಹತ್ತಿರ ಬರುತ್ತಿರುವ ಬೆಂಕಿ. ಇಲಿಯ ಬಿಲದೊಳಗೆ ಹೋಗಿ ಅನ್ನುತ್ತಾಳೆ ತಾಯಿ. ಇಲಿಯ ಬಾಯಿಗಿಂತ ಬೆಂಕಿಯೇ ಮೇಲು, ನೀನು ಹಾರಿಹೋಗು ಅನ್ನುತ್ತವೆ ಮರಿಗಳು. ಕೊನೆಗೆ ಅವು ಅಗ್ನಿಯನ್ನೇ ಸ್ತುತಿಸುತ್ತವೆ, ಅಗ್ನಿ ಅವನ್ನು ಬಿಟ್ಟು ಮುಂದೆ ಹೋಗುತ್ತಾನೆ. ಅಷ್ಟು ದೊಡ್ಡ ಕಾಡು ಉರಿಯುತ್ತಿರುವಾಗ ಕಥೆ ಹೇಳುವವನು ಒಂದು ಗೂಡಿನ ಹತ್ತಿರ ನಿಂತು ಅಷ್ಟು ಹೊತ್ತು ಕಳೆಯುತ್ತಾನೆ. ನಮ್ಮ ಹುಲ್ಲುಗಾವಲಲ್ಲಿ ನೆಲದ ಮೇಲೇ ಗೂಡು ಕಟ್ಟುವ ಹಕ್ಕಿಗಳು ಎಷ್ಟೋ ಇವೆ. ಆ ಮರಿಗಳ ಪರವಾಗಿ ಅಗ್ನಿಯ ಮುಂದೆ ನಿಂತರೆ ಅಗ್ನಿಗೆ ಅವಮಾನ ಅಂತ ನನಗೆ ಅನ್ನಿಸುವುದಿಲ್ಲ.

ಬೆಂಕಿಯನ್ನು ಶತ್ರು ಅಂತ ಕರೆಯುವುದು ನನಗೆ ಇಷ್ಟವಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಏರುವ ಮೊದಲೇ ತರಗು ಬೆಂಕಿ ಹಾಕುತ್ತಿದ್ದರು. ಸಣ್ಣ ಬೆಂಕಿ, ನೆಲದ ಎಲೆ ಮಾತ್ರ ಸುಡುತ್ತಿತ್ತು. ಅದು ನಿಂತ ಮೇಲೆ ಲಂಟಾನ ಕಳೆ ಹೆಚ್ಚಿತು ಅಂತ ಅವರೇ ಹೇಳುತ್ತಾರೆ. ನಮ್ಮಲ್ಲೂ ದೀಪಾವಳಿಯಲ್ಲಿ ಜನ ದೇವಿರಮ್ಮನ ಬೆಟ್ಟ ಹತ್ತುತ್ತಾರೆ, ದೀಪಕ್ಕೆ ಕೈ ಮುಗಿಯುತ್ತಾರೆ. ಆಗ ಹುಲ್ಲು ಹಸಿ, ಮಣ್ಣು ಒದ್ದೆ. ಬೆಂಕಿಗೂ ಒಂದು ಕಾಲ ಇದೆ. ಮಾರ್ಚ್‌ನ ಮಧ್ಯಾಹ್ನ ಬೀಡಿ ಎಸೆದು ಹೋಗುವುದು, ಹೊಸ ಹುಲ್ಲು ಬರಲಿ ಅಂತ ಕಡ್ಡಿ ಗೀರುವುದು, ರಸ್ತೆ ಬದಿ ಅಡುಗೆ ಮಾಡಿ ಕೆಂಡ ಬಿಟ್ಟು ಹೋಗುವುದು ಬೇರೆ ವಿಷಯ. ಬಿದಿರಿಗೆ ಬಿದಿರು ತಿಕ್ಕಿ ಬೆಂಕಿ ಹುಟ್ಟುತ್ತೆ ಅಂತ ಸುಮ್ನೆ ಹೇಳುತ್ತಾರೆ. ಬಹುಪಾಲು ಬೆಂಕಿಯ ಹಿಂದೆ ಇರುವುದು ಮನುಷ್ಯನ ಕೈ.

ನಮ್ಮ ಜೊತೆ ಬರುವ ಹಿರಿಯ ವಾಚರ್ ಒಬ್ಬರಿದ್ದಾರೆ. ಉರಿ ಆರಿದ ಮೇಲೆ ಅವರ ಕೆಲಸ ಶುರು. ಎಲ್ಲರೂ ಕೂತು ನೀರು ಕುಡಿಯುವಾಗ ಅವರು ಬೆಂಕಿಯ ಅಂಚಿನುದ್ದಕ್ಕೂ ಬಗ್ಗಿ ನಡೆಯುತ್ತಾರೆ. ಒಣಗಿದ ಸಗಣಿ ಕಂಡರೆ ನಿಲ್ಲುತ್ತಾರೆ. ಮೇಲೆ ಬೂದಿ ಬಣ್ಣ, ಹೊಗೆಯೂ ಇರುವುದಿಲ್ಲ. ಮುಂಗೈ ತಿರುಗಿಸಿ ಹಿಂಬದಿಯನ್ನು ಹತ್ತಿರ ಹಿಡಿಯುತ್ತಾರೆ, ಅಂಗೈಗಿಂತ ಅಲ್ಲಿ ಬಿಸಿ ಬೇಗ ಗೊತ್ತಾಗುತ್ತದೆ. ಆಮೇಲೆ ಕತ್ತಿಯ ತುದಿಯಿಂದ ಒಡೆಯುತ್ತಾರೆ. ಒಳಗೆ ಕೆಂಪು. ರಾತ್ರಿಯೆಲ್ಲ ಹಾಗೇ ಕೂತಿದ್ದು ಬೆಳಗಿನ ಗಾಳಿಗೆ ಉರುಳಿ ಸುಡದ ಹುಲ್ಲಿಗೆ ಬಿದ್ದರೆ ನಿನ್ನೆಯ ಕೆಲಸವೆಲ್ಲ ಮಣ್ಣು. ಅದನ್ನು ಸುಟ್ಟ ಕಡೆಗೆ ಎಳೆದು, ಪುಡಿ ಮಾಡಿ, ಮಣ್ಣು ಮುಚ್ಚಿ, ಮತ್ತೆ ಕೈ ಹಿಡಿದು ನೋಡುತ್ತಾರೆ. ಒಮ್ಮೆ ನಾನು ದಣಿದು ಬೆಂಕಿಯನ್ನು ಬೈದಾಗ ಅವರು ತಲೆ ಎತ್ತದೆಯೇ ಹೇಳಿದರು, "ಬೆಂಕೀನ ಬೈಬೇಡ ಮಾರಾಯ. ಅದನ್ನ ಇಲ್ಲಿಗೆ ಕರ್ಕಂಡು ಬಂದೋನು ಯಾವನೋ. ಅದು ಅದರ ಕೆಲ್ಸ ಮಾಡ್ತಾ ಐತೆ, ನೀನು ನಿಂದು ಮಾಡು." ಆ ಸಗಣಿಯ ಮುಂದೆ ಮೊಣಕಾಲೂರಿ ಕೂತ ಅವರಷ್ಟು ಶ್ರದ್ಧೆಯಿಂದ ಪೂಜೆ ಮಾಡುವವರನ್ನು ನಾನು ಕಂಡಿದ್ದು ಕಡಿಮೆ.

ಇಂಥವರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ನನಗೆ ಒಂದು ಸಿಟ್ಟೂ ಇದೆ, ಬರೆದೇ ಬಿಡುತ್ತೇನೆ. ಸೆಪ್ಟೆಂಬರ್ 11 ಅರಣ್ಯ ಹುತಾತ್ಮರ ದಿನ. 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಮರ ಉಳಿಸಲು ಅಮೃತಾದೇವಿಯೂ ಸೇರಿ 363 ಬಿಷ್ಣೋಯಿಗಳು ಪ್ರಾಣ ಕೊಟ್ಟರು, ಅವರ ನೆನಪಿಗೆ. ಆ ದಿನ ಹೂವಿಡುವುದು ಬೇಕು, ನಾನೂ ಇಡುತ್ತೇನೆ. ಆದರೆ ಬೇಸಿಗೆಗೆ ಮಾತ್ರ ದಿನಗೂಲಿಗೆ ಬರುವ ವಾಚರ್ ರಬ್ಬರ್ ಚಪ್ಪಲಿಯಲ್ಲಿ, ತೆಳು ಪಾಲಿಯೆಸ್ಟರ್ ಅಂಗಿಯಲ್ಲಿ ಬೆಂಕಿಯ ಮುಂದೆ ನಿಂತಿರುವುದನ್ನು ನೋಡಿದವನಿಗೆ ತ್ಯಾಗ ಬಲಿದಾನ ಅನ್ನುವ ಭಾಷಣ ಕೇಳಲಾಗುವುದಿಲ್ಲ. ಬೂಟು, ಹತ್ತಿ ಬಟ್ಟೆ, ಸಾಕಷ್ಟು ನೀರು, ವಿಮೆ, ಗಾಯವಾದರೆ ತಕ್ಷಣ ಆಸ್ಪತ್ರೆಗೆ ಒಯ್ಯಲು ಜೀಪು, ಇಷ್ಟನ್ನು ಕೊಡದೆ ಅವರನ್ನು ದೇವರ ಸಮಾನ ಅನ್ನುವುದು ಪಾಪ. ದೇವರ ಹೆಸರಿನಲ್ಲಿ ಯಾರನ್ನೂ ಬರಿಗಾಲಲ್ಲಿ ಬೆಂಕಿಗೆ ಕಳಿಸಬಾರದು.

ಯಾಕೆ ಹೋಗ್ತೀರಿ ಅನ್ನುವುದಕ್ಕೆ ಇನ್ನೊಂದು ಸರಳ ಕಾರಣವೂ ಇದೆ: ನೀರು. ತುಂಗಾ, ಭದ್ರಾ ಹುಟ್ಟುವುದು ನಮ್ಮ ಜಿಲ್ಲೆಯ ಗಂಗಾಮೂಲದಲ್ಲಿ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ. ಯಗಚಿ, ವೇದಾವತಿ ಬಾಬಾಬುಡನ್‌ಗಿರಿ ಸಾಲಿನವು. ಆ ನೀರನ್ನು ಹಿಡಿದಿಡುವುದು ಈ ಹುಲ್ಲು, ಶೋಲಾಗಳೇ. ಹುಲ್ಲು ಮತ್ತೆ ಚಿಗುರುತ್ತದೆ, ಶೋಲಾ ಹಾಗಲ್ಲ. ಒಂದು ವರ್ಷದ ಬೆಂಕಿ ಶೋಲಾದ ಅಂಚಿನ ತೇವಕ್ಕೆ ಬಂದು ನಿಲ್ಲುತ್ತದೆ. ವರ್ಷ ವರ್ಷವೂ ಬಿದ್ದರೆ ಆ ಅಂಚು ಒಳಗೊಳಗೆ ಸರಿಯುತ್ತಾ ಹೋಗುತ್ತದೆ. ನನ್ನ ತೋಟಕ್ಕೆ ಬೆಂಕಿ ಬಿದ್ದಿಲ್ಲ ಅನ್ನುವವರು ತೋಟದ ಹಳ್ಳ ಎಲ್ಲಿಂದ ಬರುತ್ತದೆ ಅಂತ ಒಮ್ಮೆ ಮೇಲೆ ನೋಡಬೇಕು.

ಇದನ್ನು ಓದಿ ನಾನೂ ಬರ್ತೀನಿ ಅನ್ನುವ ಹುಡುಗರಿಗೆ: ಹೊಗೆ ಕಂಡ ಕೂಡಲೇ ಬೈಕ್ ಹತ್ತಿ ಬರಬೇಡಿ. 112ಕ್ಕೋ ಹತ್ತಿರದ ಅರಣ್ಯ ಕಚೇರಿಗೋ ಫೋನ್ ಮಾಡಿ, ಜಾಗ ಸರಿಯಾಗಿ ಹೇಳಿ. ಬರುವುದೇ ಆದರೆ ಗಾರ್ಡ್ ಕೈಯಲ್ಲಿ ಹೆಸರು ಬರೆಸಿ, ಅವರು ವಾಪಸ್ ಬಾ ಅಂದಾಗ ಯಾಕೆ ಅಂತ ಕೇಳದೆ ಬನ್ನಿ. ಮೊದಲ ದಿನ ನೀರಿನ ಕ್ಯಾನ್ ಹೊರುವ ಕೆಲಸ ಕೊಟ್ಟರೆ ಬೇಸರ ಮಾಡಿಕೊಳ್ಳಬೇಡಿ, ಮೇಲಿರುವವರಿಗೆ ಆಗ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ನಿಜವಾಗಿ ಮನಸ್ಸಿದ್ದರೆ ಜನವರಿಯೊಳಗೇ ವಲಯ ಅರಣ್ಯ ಕಚೇರಿಗೆ ಹೋಗಿ ಹೆಸರು ಕೊಡಿ. ಉರಿ ದಾಟದ ಹಾಗೆ ಹುಲ್ಲು ತೆಗೆದು ಬೆಂಕಿ ರೇಖೆ ಸವರುವುದಕ್ಕೆ ಆಗಲೇ ಜನ ಬೇಕಾಗಿರುತ್ತಾರೆ.