‘ಟಕ್’ ಅಂದು ಸುಮ್ಮನಾಗುವ ಗಾಡಿ

ನಮ್ಮ 2009ರ ಡೀಸೆಲ್ ಪಿಕಪ್ಪಿಗೆ ಒಂದು ಚಾಳಿ. ವಾರವೆಲ್ಲ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತೆ. ಟೊಮೆಟೊ ಕ್ರೇಟು ತುಂಬಿ ಕೋಲಾರದ ಮಂಡಿಗೆ ಹೊರಡೋ ಬೆಳಗ್ಗೆ ಮಾತ್ರ ಕೀ ತಿರುಗಿಸಿದರೆ ‘ಟಕ್’, ಅಷ್ಟೇ. ಲೋಡ್ ಸಮೇತ ತಳ್ಳಿಸಿದ್ದೂ ಆಯ್ತು.

ಮೊದಲು ಬೈದದ್ದು ಬ್ಯಾಟರಿಯನ್ನು. ಹೊಸದು ಹಾಕಿಸಿದೆ. ದುಡ್ಡು ಹೋಯ್ತು, ಚಾಳಿ ಹೋಗಲಿಲ್ಲ. ಮೆಕ್ಯಾನಿಕ್ಕು ಸೆಲ್ಫ್ ಮೋಟಾರು ಬಿಚ್ಚಿ ಬುಷ್ ಬದಲಿಸಿದ. ಮೂರು ದಿನ ಸರಿ, ಮತ್ತೆ ಟಕ್.

ಕೊನೆಗೆ ನಾನೇ ಮಲ್ಟಿಮೀಟರ್ ಹಿಡಿದು ಕೂತೆ. ಬ್ಯಾಟರಿಯಲ್ಲಿ 12.6 ವೋಲ್ಟ್, ಅದರದೇನೂ ತಕರಾರಿಲ್ಲ. ಮೀಟರಿನ ಒಂದು ವೈರನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೆ, ಇನ್ನೊಂದನ್ನು ಇಂಜಿನ್ನಿನ ಮೈಗೆ ಒತ್ತಿ ಹಿಡಿದು, ಮಗನಿಗೆ ‘ಹೊಡಿಯೋ ಸೆಲ್ಫು’ ಅಂದೆ. ಅರ್ಧ ವೋಲ್ಟಿನೊಳಗೆ ಇರಬೇಕಾದ ಕಡೆ 3 ವೋಲ್ಟ್! ಕಳ್ಳ ಅರ್ಥಿಂಗಿನಲ್ಲಿ, ಅಂದರೆ ಇಂಜಿನ್ನಿಂದ ಬ್ಯಾಟರಿಗೆ ಕರೆಂಟು ವಾಪಸ್ ಬರೋ ದಾರಿಯಲ್ಲಿ ಕೂತಿದ್ದ. ಗೇರ್‌ಬಾಕ್ಸ್ ಪಕ್ಕದ ಬೋಲ್ಟ್ ಬಿಚ್ಚಿದರೆ, ಅರ್ಥಿಂಗಿನ ಹೆಣೆದ ತಾಮ್ರದ ಪಟ್ಟಿಯ ತುದಿ ಹಸಿರುಗಟ್ಟಿ, ಅರ್ಧ ಎಳೆಗಳು ಕೈಗೇ ಉದುರಿದವು. ಉಳಿದವು ತಾಗಿದ ದಿನ ಸ್ಟಾರ್ಟು, ತಾಗದ ದಿನ ಟಕ್.

ಎಮರಿ ಪೇಪರಿನಲ್ಲಿ ತುಕ್ಕು ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ಗ್ರೀಸ್ ಬಳಿದೆ. ಚೆನ್ನಾಗೇ ಇದ್ದ ಹಳೇ ಬ್ಯಾಟರಿಯನ್ನು ಎಕ್ಸ್‌ಚೇಂಜಿಗೆ ಕೊಟ್ಟಿದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.